ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾ, ಮಾತ್ರೆ ಸಾಕಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ 62 ವರ್ಷ. ತೋಟದ ಕೆಲಸ ಈಗಲೂ ಅವರೇ ನೋಡಿಕೊಳ್ಳುತ್ತಾರೆ. ಬಿಪಿ ಇದೆ, ಶುಗರ್ ಇಲ್ಲ. ಬೀಡಿ ಬಿಟ್ಟು ಸುಮಾರು ವರ್ಷ ಆಯ್ತು. ನಾಲ್ಕು ತಿಂಗಳಿಂದ ತೋಟದ ಏರು ಹತ್ತುವಾಗ ಎದೆ ಹಿಡಿದಂತೆ ಆಗುತ್ತೆ ಅಂತಾರೆ. ನಿಂತರೆ ಎರಡು-ಮೂರು ನಿಮಿಷದಲ್ಲಿ ಸರಿಹೋಗುತ್ತೆ. ಆಗಿನಿಂದ ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಟ್ರೆಡ್‌ಮಿಲ್ ಟೆಸ್ಟ್ ಪಾಸಿಟಿವ್ ಬಂತು. ಆಂಜಿಯೋಗ್ರಾಂ ಮಾಡಿಸಿದೆವು. ಬಲಗಡೆ ರಕ್ತನಾಳದಲ್ಲಿ 80 ಪರ್ಸೆಂಟ್ ಬ್ಲಾಕ್, ಎಡಗಡೆ ಒಂದರಲ್ಲಿ 40 ಪರ್ಸೆಂಟ್ ಅಂತ ಬರೆದಿದ್ದಾರೆ. ಎಡಗಡೆಯ ಮುಖ್ಯ ನಾಳ ನಾರ್ಮಲ್, ಎಕೋದಲ್ಲಿ ಹಾರ್ಟ್ ಪಂಪಿಂಗ್ 60 ಪರ್ಸೆಂಟ್ ಇದೆ. ಒಬ್ಬ ಡಾಕ್ಟರು ಈ ವಾರವೇ ಸ್ಟೆಂಟ್ ಹಾಕಿಬಿಡೋಣ ಅಂದರು. ಇನ್ನೊಬ್ಬರು ಎರಡು ತಿಂಗಳು ಮಾತ್ರೆ ಕೊಟ್ಟು ನೋಡೋಣ ಅಂದರು. ಬೆಂಗಳೂರಿನಲ್ಲಿರುವ ತಮ್ಮ, ಸ್ಟೆಂಟಿನಿಂದ ಪ್ರಯೋಜನವೇ ಇಲ್ಲ ಅಂತ ಸಂಶೋಧನೆ ಹೇಳಿದೆ, ಎಲ್ಲಾ ದುಡ್ಡಿಗೆ ಅಂತಾನೆ. ಸೋದರಮಾವ ಬೆಳ್ಳುಳ್ಳಿ-ಶುಂಠಿ ಕಷಾಯದಲ್ಲಿ ಬ್ಲಾಕ್ ಕರಗುತ್ತೆ ಅಂತ ವಿಡಿಯೋ ಕಳಿಸಿದ್ದಾರೆ. ಅಮ್ಮ ನಿದ್ದೆಯನ್ನೇ ಮಾಡುತ್ತಿಲ್ಲ. ತಡ ಮಾಡಿದರೆ ಹಾರ್ಟ್ ಅಟ್ಯಾಕ್ ಆಗುತ್ತಾ? ಸಂಶೋಧನೆ ನಿಜವಾಗಿ ಏನು ಹೇಳುತ್ತೆ? ಫಾರಿನ್ನಿನವರ ಮೇಲೆ ಮಾಡಿದ ಸಂಶೋಧನೆ ನಮ್ಮ ಅಪ್ಪನಿಗೆ ಅನ್ವಯಿಸುತ್ತಾ?

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಿ. ನೀವು ಬರೆದಿರುವುದೆಲ್ಲ ಸರಿ ಇದ್ದರೆ ಇವತ್ತು, ನಾಳೆ ತೀರ್ಮಾನ ಮಾಡಲೇಬೇಕಾದ ತುರ್ತು ನಿಮ್ಮ ಅಪ್ಪನಿಗಿಲ್ಲ. ಮಾತ್ರೆಗಳನ್ನು ಮಾತ್ರ ಇವತ್ತಿನಿಂದಲೇ ಸರಿಯಾಗಿ ತೆಗೆದುಕೊಳ್ಳಬೇಕು. ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಲೋಹದ ಜಾಲರಿ, ಬೇಕೋ ಬೇಡವೋ ಅನ್ನುವುದನ್ನು ಯೋಚಿಸಿ ತೀರ್ಮಾನಿಸಲು ನಿಮಗೆ ಸಮಯ ಇದೆ.

ಅಮ್ಮನ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ದಿನಾ ಟಿವಿಯಲ್ಲಿ ಬಂದವು. ಆಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತಿದ್ದರು. ಅಂಥ ಹೊತ್ತಿನಲ್ಲಿ ‘80 ಪರ್ಸೆಂಟ್ ಬ್ಲಾಕ್’ ಅಂತ ಕೇಳಿದರೆ ಯಾರಿಗೂ ಕಾಲು ನಡುಗುತ್ತದೆ. ಇನ್ನು 20 ಪರ್ಸೆಂಟ್ ಮುಚ್ಚಿದರೆ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಆದರೆ ಕಾಯಿಲೆ ಹಾಗೆ ನಡೆಯುವುದಿಲ್ಲ.

ಹೃದಯದ ರಕ್ತನಾಳವನ್ನು ಮನೆಯ ನೀರಿನ ಪೈಪಿಗೆ ಹೋಲಿಸುವ ರೂಢಿ ನಮ್ಮಲ್ಲಿದೆ. ಪೈಪಿನಲ್ಲಿ ಪಾಚಿ ಕಟ್ಟುತ್ತಾ ಕಟ್ಟುತ್ತಾ ಒಂದು ದಿನ ನೀರು ನಿಲ್ಲುತ್ತದೆ ಅನ್ನುವ ಲೆಕ್ಕ. ರಕ್ತನಾಳದ ಕೊಬ್ಬು ಮೇಲೆ ಅಂಟಿಕೊಂಡಿರುವುದಿಲ್ಲ, ನಾಳದ ಗೋಡೆಯ ಒಳಗೇ ಇರುತ್ತದೆ. ಅದರ ಮೇಲೆ ತೆಳ್ಳನೆಯ ಪೊರೆ ಇರುತ್ತದೆ. ಆ ಪೊರೆ ಬಿರುಕು ಬಿಟ್ಟರೆ ಒಳಗಿನ ಕೊಬ್ಬು ರಕ್ತಕ್ಕೆ ತಾಗಿ, ಅಲ್ಲಿ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹೆಚ್ಚಿನ ಹಾರ್ಟ್ ಅಟ್ಯಾಕ್ ಆಗುವುದು ಹೀಗೆ. ಹೀಗೆ ಒಡೆಯುವ ಜಾಗ ಎಷ್ಟೋ ಸಲ 80 ಪರ್ಸೆಂಟ್ ಇರುವುದೇ ಇಲ್ಲ. 30, 40, 50 ಪರ್ಸೆಂಟ್ ಇದ್ದ, ಯಾವ ತೊಂದರೆಯನ್ನೂ ಕೊಡದೆ ಇದ್ದ ಜಾಗ ಅದಾಗಿರುತ್ತದೆ. ಹಳೆಯ, ಬಿಗಿಯಾದ ಬ್ಲಾಕು ಏರು ಹತ್ತುವಾಗ ಎದೆ ಹಿಡಿಸುತ್ತದೆ ನಿಜ. ಆದರೆ ಮುಂದೆ ಅಟ್ಯಾಕ್ ಬಂದರೆ ಅದು ಅಲ್ಲಿಂದಲೇ ಬರುತ್ತದೆ ಅಂತ ಹೇಳಲು ಬರುವುದಿಲ್ಲ.

ಸ್ಟೆಂಟ್ ಸರಿ ಮಾಡುವುದು ಒಂದು, ಒಂದೂವರೆ ಇಂಚಿನಷ್ಟು ಜಾಗವನ್ನು. ನಿಮ್ಮ ಅಪ್ಪನ ಎಡಗಡೆಯ 40 ಪರ್ಸೆಂಟಿನ ಜಾಗಕ್ಕೆ ಅದು ಏನೂ ಮಾಡುವುದಿಲ್ಲ. ಆಂಜಿಯೋದಲ್ಲಿ ಕಾಣದಷ್ಟು ಸಣ್ಣದಾಗಿರುವ ಕೊಬ್ಬಿಗೂ ಏನೂ ಮಾಡುವುದಿಲ್ಲ. ಮಾತ್ರೆ ಎಲ್ಲಾ ನಾಳಗಳಿಗೂ ಹೋಗುತ್ತದೆ. ಸ್ಟಾಟಿನ್ ಜಾತಿಯ ಮಾತ್ರೆ ಕೊಬ್ಬಿನ ಮೇಲಿನ ಪೊರೆಯನ್ನು ಗಟ್ಟಿ ಮಾಡುತ್ತದೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಇಷ್ಟು ಕೇಳಿದ ಮೇಲೆ ನಿಮ್ಮ ತಮ್ಮ ‘ನಾನು ಹೇಳಿದ್ದೂ ಅದೇ’ ಅನ್ನಬಹುದು. ಅವರ ಮಾತೂ ಪೂರ್ತಿ ಸರಿಯಲ್ಲ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ, ನಾಳ ಮುಚ್ಚಿಕೊಂಡಿರುವಾಗ, ಬಲೂನು ಹಾಕಿ (ಈಗ ಜೊತೆಗೆ ಸ್ಟೆಂಟೂ ಇಡುತ್ತಾರೆ) ತಕ್ಷಣ ತೆರೆಯುವುದು ಪ್ರಾಣ ಉಳಿಸುತ್ತದೆ. 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ 23 ಪ್ರಯೋಗಗಳನ್ನು, ಒಟ್ಟು 7,739 ರೋಗಿಗಳನ್ನು ಒಟ್ಟಿಗೆ ಲೆಕ್ಕ ಹಾಕಿದ ವರದಿ ಪ್ರಕಟಿಸಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 9 ಜನ ಮೊದಲ ವಾರಗಳಲ್ಲೇ ತೀರಿಕೊಂಡಿದ್ದರು. ಬಲೂನು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 7. ನೂರಕ್ಕೆ ಇಬ್ಬರು ಹೆಚ್ಚು ಉಳಿದರು. ಅದು ದೊಡ್ಡ ಲಾಭ. ಅದೇ ಸ್ಟೆಂಟ್, ಅದೇ ಆಪರೇಷನ್ ಥಿಯೇಟರು, ಆದರೆ ರೋಗಿಯ ಸ್ಥಿತಿ ಬೇರೆ. ನಿಮ್ಮ ಅಪ್ಪನದು ಅಟ್ಯಾಕ್ ಅಲ್ಲ. ದುಡಿದಾಗ ಬಂದು, ನಿಂತರೆ ಹೋಗುವ, ನಾಲ್ಕು ತಿಂಗಳಿಂದ ಒಂದೇ ರೀತಿ ಇರುವ ನೋವು. ನಾವು ಇದಕ್ಕೆ ಸ್ಟೇಬಲ್ ಆಂಜೈನಾ ಅನ್ನುತ್ತೇವೆ. ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಾನು ನೋಡುವ ಗೊಂದಲದಲ್ಲಿ ಅರ್ಧ ಹುಟ್ಟುವುದೇ ಅಲ್ಲಿ.

ಈಗ ಸಂಶೋಧನೆಯ ವಿಷಯ. ‘ಬ್ಲಾಕ್ ಇದೆ, ತೆಗೆದರೆ ಒಳ್ಳೆಯದಾಗುತ್ತೆ. ಇದಕ್ಕೆ ಸಂಶೋಧನೆ ಯಾಕೆ ಬೇಕು?’ ಅಂತ ಓದಿದವರೂ ಕೇಳುತ್ತಾರೆ. ನೋಡಿದರೆ ಸರಿ ಅನ್ನಿಸುವುದು ಸರಿಯಾಗಿರಬೇಕೆಂದಿಲ್ಲ ಅನ್ನುವುದನ್ನು ಹೃದಯ ವೈದ್ಯರು ಬಹಳ ಬೆಲೆ ಕೊಟ್ಟು ಕಲಿತಿದ್ದಾರೆ. 1980ರ ದಶಕದಲ್ಲಿ, ಅಟ್ಯಾಕ್ ಆದವರಿಗೆ ಹೃದಯದ ಬಡಿತ ಆಗಾಗ ತಪ್ಪಿದರೆ ಸಾವಿನ ಸಂಭವ ಜಾಸ್ತಿ ಅಂತ ಗೊತ್ತಿತ್ತು. ಬಡಿತ ಸರಿಪಡಿಸುವ ಮಾತ್ರೆಗಳಿದ್ದವು. ಕೊಟ್ಟರೆ ಇಸಿಜಿ ಕಣ್ಣೆದುರೇ ಚೆನ್ನಾಗಿ ಕಾಣುತ್ತಿತ್ತು. ವೈದ್ಯರು ನಂಬಿಕೆಯಿಂದ ಬರೆದುಕೊಡುತ್ತಿದ್ದರು. ಆಮೇಲೆ ಅಮೆರಿಕದಲ್ಲಿ ಕಾಸ್ಟ್ ಅನ್ನುವ ಪ್ರಯೋಗ ನಡೆಯಿತು. ಯಾರಿಗೆ ಔಷಧಿ, ಯಾರಿಗೆ ಔಷಧಿಯಿಲ್ಲದ ಮಾತ್ರೆ ಅನ್ನುವುದನ್ನು ಯಾರ ಇಷ್ಟಕ್ಕೂ ಬಿಡದೆ ಹಂಚಲಾಯಿತು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ 755 ಜನರಲ್ಲಿ 63 ಜನ ಸತ್ತರು. ಸುಮ್ಮನೆ ಮಾತ್ರೆ ತೆಗೆದುಕೊಂಡ 743 ಜನರಲ್ಲಿ ಸತ್ತವರು 26. ಇಸಿಜಿ ಸುಧಾರಿಸಿತ್ತು, ಜನ ಸಾಯುತ್ತಿದ್ದರು. 1989ರಲ್ಲಿ ಆ ಔಷಧಿಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಆಂಜಿಯೋ ಚಿತ್ರ ಚೆನ್ನಾಗಿ ಕಂಡರೆ ಸಾಲದು, ಮನುಷ್ಯನಿಗೆ ಏನಾಯಿತು ಅಂತ ನೋಡಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಸ್ಟೆಂಟಿನ ಬಗ್ಗೆ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಮೊದಲ ದೊಡ್ಡ ಪ್ರಯೋಗ ಕರೇಜ್. 2007ರಲ್ಲಿ ಫಲಿತಾಂಶ ಬಂತು. ಅಮೆರಿಕ ಮತ್ತು ಕೆನಡಾದ 2,287 ರೋಗಿಗಳು, ಎಲ್ಲರದೂ ಸ್ಥಿರವಾದ ಕಾಯಿಲೆ. ಅರ್ಧ ಜನಕ್ಕೆ ಸ್ಟೆಂಟ್ ಜೊತೆಗೆ ಮಾತ್ರೆ, ಅರ್ಧ ಜನಕ್ಕೆ ಮಾತ್ರೆ ಮಾತ್ರ. ಸುಮಾರು ನಾಲ್ಕೂವರೆ ವರ್ಷದಲ್ಲಿ ಸಾವು ಅಥವಾ ಹಾರ್ಟ್ ಅಟ್ಯಾಕ್ ಆದವರು ಸ್ಟೆಂಟ್ ಗುಂಪಿನಲ್ಲಿ ಶೇ 19, ಮಾತ್ರೆ ಗುಂಪಿನಲ್ಲಿ ಶೇ 18.5. ಅಂದರೆ ವ್ಯತ್ಯಾಸ ಇಲ್ಲ. ಎದೆನೋವಿನ ವಿಷಯದಲ್ಲಿ ಮೊದಲ ವರ್ಷಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರೇ ಸ್ವಲ್ಪ ಮುಂದಿದ್ದರು. ಐದು ವರ್ಷದ ಹೊತ್ತಿಗೆ ಆ ಅಂತರವೂ ಹೆಚ್ಚುಕಡಿಮೆ ಅಳಿಸಿಹೋಯಿತು. ಇನ್ನೊಂದು ವಿಷಯ ಮರೆಯಬಾರದು. ಮಾತ್ರೆ ಗುಂಪಿನಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮುಂದೆ ಯಾವಾಗಲೋ ಸ್ಟೆಂಟ್ ಅಥವಾ ಬೈಪಾಸ್ ಬೇಕಾಯಿತು. ನಿಮ್ಮ ತಮ್ಮ ಓದಿದ ಲೇಖನದಲ್ಲಿ ಈ ಸಾಲು ಇತ್ತೋ ಇಲ್ಲವೋ.

‘ಟೆಸ್ಟ್ ಜೋರಾಗಿ ಪಾಸಿಟಿವ್ ಇರುವವರಿಗಾದರೂ ಲಾಭ ಇರಬಹುದಲ್ಲ’ ಅನ್ನುವ ವಾದ ಆಗ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಿದ್ದು ಇಸ್ಕೀಮಿಯಾ ಪ್ರಯೋಗ. 37 ದೇಶಗಳ 5,179 ರೋಗಿಗಳು ಅದರಲ್ಲಿದ್ದರು. 2020ರಲ್ಲಿ ಪ್ರಕಟವಾಯಿತು. ಸ್ಟೆಂಟ್ ಅಥವಾ ಬೈಪಾಸ್ ಕಡೆಗೆ ಬೇಗ ಕಳಿಸಿದ ಗುಂಪಿನಲ್ಲಿ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ 145 ಸಾವು, ಮೊದಲು ಮಾತ್ರೆ ಕೊಟ್ಟ ಗುಂಪಿನಲ್ಲಿ 144. ಒಂದೇ ಒಂದರ ವ್ಯತ್ಯಾಸ! ಆದರೆ ಆಗಾಗ ಎದೆನೋವು ಬರುತ್ತಿದ್ದವರ ದಿನನಿತ್ಯದ ಬದುಕು ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ಚೆನ್ನಾಗಿ ಸುಧಾರಿಸಿತ್ತು. ಎದೆನೋವೇ ಇಲ್ಲದವರಿಗೆ ಆ ಲಾಭವೂ ಸಿಗಲಿಲ್ಲ.

ಹಾಗಾದರೆ ಈ ‘ನೋವು ಕಡಿಮೆ ಆಯ್ತು’ ಅನ್ನುವುದರಲ್ಲಿ ಸ್ಟೆಂಟಿನ ಪಾಲೆಷ್ಟು, ನಂಬಿಕೆಯ ಪಾಲೆಷ್ಟು? ಈ ಪ್ರಶ್ನೆ ಸುಮ್ನೆ ಎತ್ತಿದ್ದಲ್ಲ. 1950ರ ದಶಕದಲ್ಲಿ ಎದೆಯೊಳಗಿನ ಒಂದು ರಕ್ತನಾಳವನ್ನು ಕಟ್ಟಿಬಿಡುವ ಆಪರೇಷನ್ ಮಾಡುತ್ತಿದ್ದರು. ಎದೆನೋವು ಹೋಯಿತು ಅಂತ ರೋಗಿಗಳೇ ಹೇಳುತ್ತಿದ್ದರು. 1959 ಮತ್ತು 1960ರಲ್ಲಿ ಎರಡು ಸಣ್ಣ ಪ್ರಯೋಗಗಳಲ್ಲಿ ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಅವರಿಗೂ ಅಷ್ಟೇ ನೋವು ಹೋಯಿತು. ಆ ಆಪರೇಷನ್ ಅಲ್ಲಿಗೆ ನಿಂತಿತು.

ಸ್ಟೆಂಟಿಗೂ ಅಂಥ ಪರೀಕ್ಷೆ ಮಾಡಲು ಯಾರೂ ಧೈರ್ಯ ಮಾಡಿರಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಾ. ರಾಶಾ ಅಲ್-ಲಾಮಿ ಮತ್ತು ಅವರ ತಂಡ ಆ ಕೆಲಸ ಮಾಡಿತು. ಪ್ರಯೋಗದ ಹೆಸರು ಆರ್ಬಿಟಾ, 2017ರಲ್ಲಿ ಪ್ರಕಟವಾಯಿತು. 200 ರೋಗಿಗಳು. ಎಲ್ಲರಿಗೂ ಒಂದು ನಾಳದಲ್ಲಿ 70 ಪರ್ಸೆಂಟಿಗಿಂತ ಹೆಚ್ಚು ಬ್ಲಾಕು, ಅಂದರೆ ನಿಮ್ಮ ಅಪ್ಪನಂಥವರೇ. ಮೊದಲ ಆರು ವಾರ ಮಾತ್ರೆಗಳನ್ನು ಸರಿಯಾದ ಡೋಸಿಗೆ ತಂದರು. ಅದಕ್ಕಾಗಿ ವೈದ್ಯರೇ ವಾರವಾರ ಫೋನ್ ಮಾಡುತ್ತಿದ್ದರು. ಆಮೇಲೆ ಎಲ್ಲರನ್ನೂ ಸ್ಟೆಂಟ್ ಹಾಕುವ ಕೋಣೆಯ, ಅಂದರೆ ಕ್ಯಾಥ್ ಲ್ಯಾಬಿನ, ಮೇಜಿನ ಮೇಲೆ ಮಲಗಿಸಿದರು. ಮಾತು ಕೇಳಬಾರದೆಂದು ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿದರು, ಮಂಪರು ಬರುವ ಇಂಜೆಕ್ಷನ್ ಕೊಟ್ಟರು. ಅರ್ಧ ಜನಕ್ಕೆ ಸ್ಟೆಂಟ್ ಹಾಕಿದರು. ಉಳಿದವರನ್ನು ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಹಾಗೇ ಮಲಗಿಸಿ, ಸ್ಟೆಂಟ್ ಹಾಕದೆ ಹೊರಗೆ ಕಳಿಸಿದರು. ಆಮೇಲೆ ನೋಡಿಕೊಂಡ ವೈದ್ಯರಿಗೂ ಯಾರಿಗೆ ಹಾಕಿದೆ ಅಂತ ಗೊತ್ತಿರಲಿಲ್ಲ. ಆರು ವಾರ ಆದ ಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಎರಡೂ ಗುಂಪಿನವರ ಸುಧಾರಣೆಯಲ್ಲಿ ಇದ್ದ ವ್ಯತ್ಯಾಸ 16.6 ಸೆಕೆಂಡ್. ಲೆಕ್ಕಕ್ಕೆ ಹಿಡಿಯಲಾಗದಷ್ಟು ಸಣ್ಣದು.

ಪೇಪರಿನವರು ‘ಸ್ಟೆಂಟ್ ವ್ಯರ್ಥ’ ಅಂತ ಬರೆದರು. ಅದೇ ತಂಡ ಅಲ್ಲಿಗೆ ನಿಲ್ಲಲಿಲ್ಲ. ಎದೆನೋವಿನ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಪರೀಕ್ಷಿಸಿದರೆ ಏನಾಗಬಹುದು ಅಂತ ಮತ್ತೊಂದು ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿತು. ಅದರಲ್ಲಿ 301 ರೋಗಿಗಳು. ಈ ಸಲ ಸ್ಟೆಂಟ್ ಗೆದ್ದಿತು. 12 ವಾರದ ಹೊತ್ತಿಗೆ ಎದೆನೋವು ಪೂರ್ತಿ ಹೋದವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 40, ಸುಳ್ಳು ಚಿಕಿತ್ಸೆಯ ಗುಂಪಿನಲ್ಲಿ 15. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಸ್ಟೆಂಟ್ ನಿಜವಾಗಿ ನೋವು ಕಡಿಮೆ ಮಾಡುತ್ತದೆ, ಅದು ಬರೀ ನಂಬಿಕೆಯ ಆಟವಲ್ಲ. ಹಾಗೇ, ಎದೆನೋವಿನ ಮಾತ್ರೆ ಇಲ್ಲದೆ ಬರೀ ಸ್ಟೆಂಟ್ ಹಾಕಿಸಿಕೊಂಡ ನೂರರಲ್ಲಿ 60 ಜನಕ್ಕೆ ಸ್ವಲ್ಪವಾದರೂ ನೋವು ಉಳಿದಿತ್ತು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ನಿಮ್ಮ ಅಪ್ಪನಂಥವರಿಗೆ ಸ್ಟೆಂಟ್ ಅನ್ನುವುದು ನೋವಿನ ಚಿಕಿತ್ಸೆ, ಆಯಸ್ಸಿನ ಚಿಕಿತ್ಸೆ ಅಲ್ಲ. ಆಯಸ್ಸು ಕಾಯುವುದು ಮಾತ್ರೆ, ಬಿಪಿ ಹತೋಟಿ, ಬೀಡಿ ಬಿಟ್ಟಿರುವುದು. ನಿಮ್ಮ ಇಬ್ಬರು ವೈದ್ಯರಲ್ಲಿ ಯಾರೂ ಮೋಸಗಾರರಾಗಬೇಕಾಗಿಲ್ಲ. ಒಬ್ಬರು ನೋವಿಗೆ ಬೇಗ ಪರಿಹಾರ ನೋಡಿದ್ದಾರೆ, ಇನ್ನೊಬ್ಬರು ಮಾತ್ರೆಯಲ್ಲೇ ಆಗಬಹುದು ಅಂದಿದ್ದಾರೆ. ಆದರೆ ‘ಹಾಕದಿದ್ದರೆ ಜೀವಕ್ಕೆ ಅಪಾಯ’ ಅಂತ ಯಾರಾದರೂ ಹೆದರಿಸಿದ್ದರೆ, ಇಂಥ ಸ್ಥಿತಿಯಲ್ಲಿ ಆ ಮಾತಿಗೆ ಸಾಕ್ಷ್ಯದ ಬಲ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಯಾವ ಪ್ರಯೋಗದ ಫಲಿತಾಂಶವೂ ಅದರಲ್ಲಿ ಇದ್ದಂಥವರಿಗೆ ಮಾತ್ರ ನೇರವಾಗಿ ಹೊಂದುತ್ತದೆ. ಇಸ್ಕೀಮಿಯಾ ಪ್ರಯೋಗಕ್ಕೆ ಕೆಲವರನ್ನು ಸೇರಿಸಿಕೊಂಡಿರಲಿಲ್ಲ. ಎಡಗಡೆಯ ಮುಖ್ಯ ನಾಳದಲ್ಲಿ 50 ಪರ್ಸೆಂಟ್ ಅಥವಾ ಹೆಚ್ಚು ಬ್ಲಾಕ್ ಇದ್ದವರು, ಪಂಪಿಂಗ್ 35 ಪರ್ಸೆಂಟಿಗಿಂತ ಕಡಿಮೆ ಇದ್ದವರು, ಹತ್ತಿರದಲ್ಲೇ ಅಟ್ಯಾಕ್ ಆದವರು, ಮಾತ್ರೆ ತೆಗೆದುಕೊಂಡರೂ ತಾಳಲಾರದ ನೋವು ಇದ್ದವರು ಅದರಲ್ಲಿ ಇರಲಿಲ್ಲ. ಅವರಿಗೆ ಈ ಲೆಕ್ಕ ನಡೆಯುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಮುಖ್ಯ ನಾಳ ನಾರ್ಮಲ್, ಪಂಪಿಂಗ್ 60 ಅಂದರೆ ಅದೂ ನಾರ್ಮಲ್, ಅಟ್ಯಾಕ್ ಆಗಿಲ್ಲ. ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಪಕ್ಕದ ಮನೆಯವರು ಇದನ್ನು ಓದಿ ತಮಗೂ ಹೀಗೇ ಅಂದುಕೊಳ್ಳುವುದು ಬೇಡ. ಶುಗರ್ ಇದ್ದು ಹಲವು ನಾಳಗಳಲ್ಲಿ ಬ್ಲಾಕ್ ಇರುವವರ ಕಥೆ ಪೂರ್ತಿ ಬೇರೆ. ಅಂಥ 1,900 ಜನರ ಮೇಲೆ ನಡೆದ ಫ್ರೀಡಂ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಐದು ವರ್ಷದಲ್ಲಿ ತೀರಿಕೊಂಡವರು ಸ್ಟೆಂಟ್ ಗುಂಪಿನಲ್ಲಿ ಶೇ 16.3, ಬೈಪಾಸ್ ಗುಂಪಿನಲ್ಲಿ ಶೇ 10.9. ಸ್ಟ್ರೋಕ್ ಮಾತ್ರ ಬೈಪಾಸ್ ಆದವರಲ್ಲಿ ಜಾಸ್ತಿ ಇತ್ತು. ಅವರಿಗೆ ‘ಮಾತ್ರೆಯಲ್ಲೇ ನೋಡೋಣ’ ಅಂತ ಕಾಲ ತಳ್ಳುವುದು ತಪ್ಪಾಗಬಹುದು.

ವಿದೇಶದವರ ಸಂಶೋಧನೆ ನಮಗೆ ಹೊಂದುತ್ತದಾ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಹೆಚ್ಚು ಜನ ಕೇಳುವುದಿಲ್ಲ. ಇಸ್ಕೀಮಿಯಾದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು, ನಮ್ಮ ರೋಗಿಗಳೂ ಇದ್ದರು. ನಮ್ಮವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ ಅನ್ನುವುದು ನಿಜ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬಂದ ವಯಸ್ಸು ಸುಮಾರು 53, ಉಳಿದವರಿಗೆ ಸುಮಾರು 59. ಆದರೆ ಕಾರಣಗಳು ಬೇರೆ ಇರಲಿಲ್ಲ. ಅದೇ ತಂಬಾಕು, ಬಿಪಿ, ಶುಗರ್, ಕೊಬ್ಬು, ಹೊಟ್ಟೆಯ ಬೊಜ್ಜು. ಕಾರಣ ಒಂದೇ ಆದಾಗ ಔಷಧಿ ಕೆಲಸ ಮಾಡುವ ದಾರಿಯೂ ಹೆಚ್ಚುಕಡಿಮೆ ಒಂದೇ.

ನನಗೆ ಚಿಂತೆ ಇರುವುದು ಇನ್ನೊಂದು ಕಡೆ. ಈ ಪ್ರಯೋಗಗಳಲ್ಲಿ ಮಾತ್ರೆ ಗುಂಪಿನವರು ನಿಜವಾಗಿ ಮಾತ್ರೆ ನುಂಗಿದರು. ನರ್ಸು ವಿಚಾರಿಸುತ್ತಿದ್ದರು, ರಕ್ತ ಪರೀಕ್ಷೆ ಆಗುತ್ತಿತ್ತು, ಡೋಸ್ ಏರಿಸುತ್ತಿದ್ದರು. ನಮ್ಮ ಒಪಿಡಿಯಲ್ಲಿ ಏನಾಗುತ್ತದೆ ಹೇಳಲಾ? ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರೆ ತರುತ್ತಾರೆ. ಆಸ್ಪಿರಿನ್ ಶೀಟು ಖಾಲಿಯಾಗಿರುತ್ತದೆ, ಸ್ಟಾಟಿನ್ ಶೀಟಿನಲ್ಲಿ ಎರಡೇ ಗುಳಿಗೆ ಒಡೆದಿರುತ್ತದೆ. ಕೇಳಿದರೆ ‘ಕೊಲೆಸ್ಟ್ರಾಲ್ ನಾರ್ಮಲ್ ಬಂತಲ್ಲ ಸಾರ್, ಅದಕ್ಕೆ ಬಿಟ್ಟೆ’ ಅನ್ನುತ್ತಾರೆ. ನಾರ್ಮಲ್ ಬಂದಿದ್ದು ಮಾತ್ರೆಯಿಂದಲೇ. ‘ಬಿಸಿ ಆಗುತ್ತೆ’ ಅಂತ ಬಿಟ್ಟವರೂ ಇದ್ದಾರೆ, ಶ್ರಾವಣದ ಉಪವಾಸಕ್ಕೆ ಬಿಟ್ಟು ಮತ್ತೆ ಶುರು ಮಾಡದವರೂ ಇದ್ದಾರೆ. ಮಾತ್ರೆ ಸಾಕು ಅನ್ನುವ ಸಂಶೋಧನೆ ಇಂಥವರ ಬಗ್ಗೆ ಏನೂ ಹೇಳುವುದಿಲ್ಲ.

ಆಗ ಕೆಲವರು, ಮಾತ್ರೆ ಸರಿಯಾಗಿ ತೆಗೆದುಕೊಳ್ಳಲ್ಲ ಅಂದಮೇಲೆ ಸ್ಟೆಂಟೇ ವಾಸಿ ಅನ್ನುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಸ್ಟೆಂಟ್ ಹಾಕಿದ ಮೇಲೆ ಮಾತ್ರೆ ಬಿಡುವುದು ಇನ್ನೂ ಅಪಾಯ. ಹೊಸ ಸ್ಟೆಂಟಿನ ಲೋಹದ ಮೇಲೆ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಥರದ ಇನ್ನೊಂದು ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟ್ ಒಮ್ಮೆಲೇ ಮುಚ್ಚಿ ದೊಡ್ಡ ಅಟ್ಯಾಕ್ ಆಗಬಹುದು. ಸ್ಟಾಟಿನ್, ಬಿಪಿ ಮಾತ್ರೆ ಹೇಗಿದ್ದರೂ ತಪ್ಪಿದ್ದಲ್ಲ. ಹಾಗಾಗಿ ನಿಮ್ಮ ಮುಂದಿರುವ ಆಯ್ಕೆ ಎರಡೇ: ಮಾತ್ರೆ, ಇಲ್ಲವೇ ಮಾತ್ರೆಯ ಜೊತೆಗೆ ಸ್ಟೆಂಟ್.

ಮೊದಲು ಮಾತ್ರೆ ಅನ್ನುವ ದಾರಿ ಹಿಡಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಆಸ್ಪಿರಿನ್, ದೊಡ್ಡ ಡೋಸಿನ ಅಟೋರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್ ಇರುತ್ತದೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ರ ಹತ್ತಿರ ತರುವುದು ಗುರಿ. ಎಲ್‌ಡಿಎಲ್ ಸುಮಾರು 39 ಪಾಯಿಂಟ್ ಇಳಿದರೆ ಅಟ್ಯಾಕ್, ಸ್ಟ್ರೋಕ್ ಥರದ ದೊಡ್ಡ ತೊಂದರೆಗಳು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ ಅಂತ ಲಕ್ಷಾಂತರ ಜನರ ಮೇಲಿನ ಪ್ರಯೋಗಗಳಲ್ಲಿ ಸಾಬೀತಾಗಿದೆ. ಎದೆನೋವಿಗೆ ಮೆಟೋಪ್ರೊಲಾಲ್ ಅಥವಾ ಆಮ್ಲೋಡಿಪಿನ್, ಸಾಲದಿದ್ದರೆ ಎರಡೂ, ಇನ್ನೂ ಬೇಕಾದರೆ ಬೇರೆ ಮಾತ್ರೆಗಳಿವೆ. ತೊಂದರೆ ಇಲ್ಲವೇ ಅಂದರೆ ಇದೆ. ಮೆಟೋಪ್ರೊಲಾಲಿನಿಂದ ನಾಡಿ ನಿಧಾನವಾಗಿ ಸುಸ್ತು ಅನ್ನಿಸಬಹುದು. ಆಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳಬಹುದು. ಸ್ಟಾಟಿನ್‌ನಿಂದ ಕೆಲವರಿಗೆ ಮೈಕೈ ನೋವು. ಇವಕ್ಕೆ ಬದಲಿ ಇದೆ. ಹೇಳದೆ ಬಿಟ್ಟುಬಿಡಬೇಡಿ, ಬಂದು ಹೇಳಿ. ಆರರಿಂದ ಎಂಟು ವಾರಕ್ಕೆ ಡೋಸ್ ಒಂದು ಹದಕ್ಕೆ ಬರುತ್ತದೆ. ಆಗ ಅಪ್ಪ ಮತ್ತೆ ತೋಟದ ಏರು ಹತ್ತಿ ನೋಡಲಿ, ಮೊದಲು ನಿಧಾನವಾಗಿ.

ಸ್ಟೆಂಟ್ ಈಗಲೇ ಹಾಕಿಸಿದರೆ ನೋವು ಬೇಗ ಕಡಿಮೆಯಾಗಬಹುದು, ಎದೆನೋವಿನ ಒಂದೆರಡು ಮಾತ್ರೆ ಕಡಿಮೆಯಾಗಬಹುದು. ಅನುಭವಸ್ಥರ ಕೈಯಲ್ಲಿ ದೊಡ್ಡ ಅಪಾಯ ಅಪರೂಪ. ಆದರೂ ಚುಚ್ಚಿದ ಜಾಗದಲ್ಲಿ ರಕ್ತಸ್ರಾವ, ನಾಳ ಕಾಣಲೆಂದು ಬಿಡುವ ಬಣ್ಣದ ದ್ರವದಿಂದ ಕಿಡ್ನಿಗೆ ಪೆಟ್ಟು, ಹಾಕುವಾಗಲೇ ಸಣ್ಣ ಅಟ್ಯಾಕ್, ಇವು ಆಗಬಹುದಾದವು. ಇಸ್ಕೀಮಿಯಾದಲ್ಲಿ ಮೊದಲ ಆರು ತಿಂಗಳು ಸ್ಟೆಂಟ್-ಬೈಪಾಸ್ ಗುಂಪಿನಲ್ಲೇ ತೊಂದರೆ ಜಾಸ್ತಿ ಇತ್ತು, ಅದಕ್ಕೆ ಇದೇ ಕಾರಣ. ಎರಡು ರಕ್ತ ತೆಳು ಮಾಡುವ ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಅಪ್ಪನಿಗೆ ಅಲ್ಸರ್ ಇದ್ದರೆ, ಹರ್ನಿಯಾ ಅಥವಾ ಬೇರೆ ಆಪರೇಷನ್ ಸದ್ಯದಲ್ಲೇ ಇದ್ದರೆ, ಮೊದಲೇ ಹೇಳಿ. ಖರ್ಚಿನ ವಿಷಯದಲ್ಲೂ ಒಂದು ಮಾತು. 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧಿ ಲೇಪಿಸಿದ ಸ್ಟೆಂಟಿನ ಬೆಲೆಗೆ 29,600 ರೂಪಾಯಿ ಮಿತಿ ಹಾಕಿತು, ಆಮೇಲೆ ಅದು ಪರಿಷ್ಕರಣೆ ಆಗುತ್ತಾ ಬಂದಿದೆ. ಆದರೆ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಒಂದು ಭಾಗ ಮಾತ್ರ. ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ.

ಕಷಾಯದ ವಿಷಯ ಬೇಗ ಮುಗಿಸುತ್ತೇನೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸುವ ಆ ವಿಡಿಯೋ ನನಗೂ ಹಲವರು ಕಳಿಸಿದ್ದಾರೆ. ಹೃದಯದ ನಾಳದ ಬ್ಲಾಕನ್ನು ಅದು ಕರಗಿಸುತ್ತದೆ ಅಂತ ತೋರಿಸಿದ ಪ್ರಯೋಗ ಇಲ್ಲ. ಸಾರಿನಲ್ಲಿ ಬೆಳ್ಳುಳ್ಳಿ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕಷಾಯ ಕುಡಿದು ಮಾತ್ರೆ ಬಿಟ್ಟರೆ ಮಾತ್ರ ಅದು ಪ್ರಾಣಕ್ಕೇ ಬರುತ್ತದೆ. ಸೋದರಮಾವನ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ, ಅದನ್ನು ಅವರಿಗೆ ಹೇಳಿಯೇ ಇದನ್ನೂ ಹೇಳಿ.

ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಸಂಕೋಚ ಬಿಟ್ಟು ಕೇಳಿ: ‘ಸಾರ್, ಇದು ಅಪ್ಪನ ಆಯಸ್ಸಿಗೋ, ನೋವಿಗೋ?’ ಅಂತ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ. ‘ಅಪಾಯ ಅರ್ಧಕ್ಕರ್ಧ ಕಡಿಮೆ ಆಗುತ್ತೆ’ ಅಂದರೆ, ನೂರು ಜನರಲ್ಲಿ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. 20ರಿಂದ 10ಕ್ಕೆ ಇಳಿದರೂ ಅರ್ಧ, 2ರಿಂದ 1ಕ್ಕೆ ಇಳಿದರೂ ಅರ್ಧ. ಎರಡು ತಿಂಗಳು ಕಾದರೆ ಏನು ಕಳೆದುಕೊಳ್ಳುತ್ತೇವೆ ಅಂತಲೂ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಆಂಜಿಯೋ ಸಿಡಿಯನ್ನು ಜೊತೆಗೆ ಒಯ್ಯಿರಿ. ಬರೀ ರಿಪೋರ್ಟ್ ನೋಡಿ ಎರಡನೇ ಅಭಿಪ್ರಾಯ ಹೇಳುವುದು ಕಷ್ಟ.

ಇನ್ನೊಂದು. ನಿಮ್ಮ ಪತ್ರದಲ್ಲಿ ಅಮ್ಮನ ಭಯ ಇದೆ, ತಮ್ಮನ ವಾದ ಇದೆ, ಮಾವನ ವಿಡಿಯೋ ಇದೆ. ಅಪ್ಪ ಏನು ಹೇಳಿದರು ಅನ್ನುವುದು ಎಲ್ಲೂ ಇಲ್ಲ. 1996ರಲ್ಲಿ ಡೇವಿಡ್ ಸ್ಯಾಕೆಟ್ ಅನ್ನುವ ವೈದ್ಯರು ಮತ್ತು ಸಂಗಡಿಗರು ಸಾಕ್ಷ್ಯ ನೋಡಿ ಚಿಕಿತ್ಸೆ ಮಾಡುವುದು ಅಂದರೇನು ಅಂತ ಬರೆದಾಗ, ಸಂಶೋಧನೆಯ ಜೊತೆಗೆ ವೈದ್ಯರ ಅನುಭವವನ್ನೂ, ರೋಗಿಯ ಇಷ್ಟವನ್ನೂ ಸೇರಿಸಿಯೇ ಹೇಳಿದ್ದರು. ಇಲ್ಲಿ ಅದು ಬರೀ ಮಾತಲ್ಲ. ಆಯಸ್ಸಿನಲ್ಲಿ ವ್ಯತ್ಯಾಸ ಇಲ್ಲದಾಗ ಉಳಿಯುವುದು ಅವರ ದಿನ ಹೇಗೆ ಕಳೆಯಬೇಕು ಅನ್ನುವ ಪ್ರಶ್ನೆ. ವಾರಕ್ಕೊಮ್ಮೆ ಎದೆ ಹಿಡಿದರೆ ಎರಡು ನಿಮಿಷ ನಿಂತು ಹೋಗುತ್ತೇನೆ ಅನ್ನುವವರಿದ್ದಾರೆ. ತೋಟಕ್ಕೆ ಹೋಗಲಾಗದಿದ್ದರೆ ನನಗೆ ಬದುಕೇ ಬೇಡ ಅನ್ನುವವರೂ ಇದ್ದಾರೆ. ಇಬ್ಬರಿಗೂ ಒಂದೇ ಸಲಹೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ನೀವು ಬರೆದಿರುವುದರ ಮೇಲೆ ಹೇಳುವುದಾದರೆ, ನಾನು ಎರಡು ತಿಂಗಳು ಮಾತ್ರೆ ಪೂರ್ತಿ ಡೋಸಿನಲ್ಲಿ ಕೊಟ್ಟು ನೋಡುತ್ತೇನೆ. ಆಮೇಲೂ ನೋವು ಅವರ ಕೆಲಸಕ್ಕೆ ಅಡ್ಡ ಬಂದರೆ, ಮಾತ್ರೆ ಅವರಿಗೆ ಒಗ್ಗದಿದ್ದರೆ, ಸ್ಟೆಂಟ್ ಹಾಕಿಸುವುದು ನ್ಯಾಯವಾದ ತೀರ್ಮಾನ.

ಈ ನಡುವೆ ಎಚ್ಚರ ತಪ್ಪಬಾರದು. ನೋವು ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರಲು ಶುರುವಾದರೆ, ಕೂತಾಗ ಅಥವಾ ರಾತ್ರಿ ಮಲಗಿದಾಗ ಬಂದರೆ, ಪದೇ ಪದೇ ಬಂದರೆ, ಅದು ಸ್ಟೇಬಲ್ ಅಲ್ಲ. ನಾನು ಇಲ್ಲಿಯವರೆಗೆ ಹೇಳಿದ ಲೆಕ್ಕ ಆಗ ಬದಲಾಗುತ್ತದೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಬರೆಸಿಕೊಂಡು ಅಪ್ಪನ ಜೇಬಿನಲ್ಲೇ ಇರಲಿ. ಎದೆನೋವು ಬಂದಾಗ ಅದನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತಿದ್ದರೆ ಬಿಪಿ ಇಳಿದು ತಲೆ ತಿರುಗಬಹುದು. ವಯಾಗ್ರಾ ಥರದ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಇಟ್ಟುಕೊಳ್ಳಲೇಬಾರದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ, ಬೆವರು, ವಾಂತಿ, ಉಸಿರುಕಟ್ಟುವಿಕೆ ಇದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನದಲ್ಲಿ ಭಾರತದ 20,468 ರೋಗಿಗಳ ಲೆಕ್ಕ ಇದೆ. ನಾಳ ಮುಚ್ಚಿ ದೊಡ್ಡ ಅಟ್ಯಾಕ್ ಆದವರಲ್ಲಿ ಅರ್ಧ ಜನ ನೋವು ಶುರುವಾಗಿ ಆರು ಗಂಟೆ ಕಳೆದ ಮೇಲೆ ಆಸ್ಪತ್ರೆ ತಲುಪಿದ್ದರು. ಗ್ಯಾಸ್ ಇರಬಹುದು ಅಂತ ಸೋಡಾ ಕುಡಿದು ಕಾಯುವುದು ಬೇಡ. ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸಿಗುತ್ತದಾ, ರಾತ್ರಿ ಹೊತ್ತೂ ಇರುತ್ತದಾ ಅಂತ ಈ ವಾರವೇ ಹೋಗಿ ವಿಚಾರಿಸಿಕೊಂಡು ಬನ್ನಿ.